ಈಚೆಗೆ ನಾವು ಓದಿದ ಪುಸ್ತಕಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಣಲಿಯ ಓದುಗರ ಪರವಾಗಿ ಮಾಡಿದ ಭಾಷಣ)



ನಾವು ಮಣಲಿಯವರು ಎಂದು ಹೇಳಿದೊಡನೆ ಊರಿನ ಕಡೆಯ ನೆಂಟರು, "ಅಲ್ಲಿ ಚಳಿ ಬಹಳವಂತೆ, ಕಂಬಳಿ ಇಟ್ಟುಕೊಂಡಿದ್ದೀರಾ?" ಎಂದು ಕೇಳುವುದುಂಟು. ಅವರ ಮನಸ್ಸಿನಲ್ಲಿರುವುದು ಹಿಮಾಚಲದ ಮನಾಲಿ. ನಮ್ಮ ಮಣಲಿ ಇದೇ ಚೆನ್ನೈ ನಗರದ ಉತ್ತರದ ಅಂಚಿನಲ್ಲಿದೆ. ಅಲ್ಲಿ ಹಿಮವಿಲ್ಲ. ಇರುವುದು ಉಪ್ಪುಗಾಳಿ, ಲಾರಿಗಳ ಧೂಳು, ರಾತ್ರಿಯ ಹೊತ್ತು ಕಾರ್ಖಾನೆಯ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿ. ತಮಿಳಿನಲ್ಲಿ ಮಣಲ್ ಎಂದರೆ ಮರಳು. ನಮ್ಮ ಹಳಗನ್ನಡದವರು ಅದನ್ನೇ ಮಳಲ್ ಎನ್ನುತ್ತಿದ್ದರು. ಹೆಸರಿನಲ್ಲಾದರೂ ಆ ನೆಲಕ್ಕೂ ನಮಗೂ ನೆಂಟಸ್ತಿಕೆ ಇದೆಯೆಂದು ನಾವು ಸಮಾಧಾನಪಟ್ಟುಕೊಂಡಿದ್ದೇವೆ.

ಮದ್ರಾಸ್ ರಿಫೈನರೀಸ್ ಕಂಪೆನಿ 1965ರಲ್ಲಿ ಸ್ಥಾಪಿತವಾಗಿ, 1969ರಲ್ಲಿ ಮಣಲಿಯಲ್ಲಿ ಎಣ್ಣೆ ಶುದ್ಧಿಮಾಡುವ ಕೆಲಸ ಮೊದಲಾಯಿತು. ಅದರ ನೆರೆಯಲ್ಲಿ 1971ರಲ್ಲಿ ರಸಗೊಬ್ಬರದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಆಮೇಲೆ ಒಂದರ ಹಿಂದೆ ಒಂದರಂತೆ ಬೇರೆ ಕಾರ್ಖಾನೆಗಳೂ ಬಂದುವು. ಇವುಗಳ ಹಿಂದೆಯೇ ನಾವೂ ಬಂದೆವು. ಕೆಲವರು ವರ್ಗವಾಗಿ ಬಂದರು, ಕೆಲವರು ಗುತ್ತಿಗೆದಾರರ ಜೊತೆಯಲ್ಲಿ ಬಂದರು, ಕೆಲವರು ಮದುವೆಯಾಗಿ ಬಂದರು. ಎರಡು ವರ್ಷ ಇದ್ದು ಊರಿಗೆ ಹಿಂದಿರುಗುವೆವೆಂದು ಬಂದವರಲ್ಲಿ ಹಲವರಿಗೆ ಇಲ್ಲಿಯೇ ಮೊಮ್ಮಕ್ಕಳಾಗಿದ್ದಾರೆ. ಈಗ ಆ ಪ್ರದೇಶದಲ್ಲಿ ಕನ್ನಡ ಮಾತನಾಡುವ ಮನೆಗಳು ಬೆರಳಲ್ಲಿ ಎಣಿಸುವಷ್ಟಿಲ್ಲದಿದ್ದರೂ, ಒಂದು ಬೀದಿಯನ್ನು ತುಂಬುವಷ್ಟೂ ಇಲ್ಲ.

ಈ ಸಲದ ಸಭೆಯಲ್ಲಿ ನೀವು ಈಚೆಗೆ ಓದಿದ ಪುಸ್ತಕಗಳ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ವಿದ್ವಾಂಸರಲ್ಲ, ವಿಮರ್ಶೆ ನಮ್ಮಿಂದಾಗದ ಕೆಲಸ. ಆದರೆ ಕೆಲವು ಪುಸ್ತಕಗಳನ್ನು ಓದಿದ ಮೇಲೆ ನಮ್ಮ ನಡುವೆ ಏನೇನು ನಡೆಯಿತು ಎಂಬುದನ್ನು ಹೇಳಬಲ್ಲೆವು. ಅದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ತಿಂಗಳ ಎರಡನೆಯ ಭಾನುವಾರ ಸಂಜೆ ನಾವು ಹತ್ತು ಹನ್ನೆರಡು ಮಂದಿ ಒಬ್ಬರ ಮನೆಯ ಜಗಲಿಯಲ್ಲಿ ಸೇರುತ್ತೇವೆ. ಒಂದು ಹಳೆಯ ತಗಡಿನ ಟ್ರಂಕು ನಮ್ಮ ಗ್ರಂಥಾಲಯ. ಮೊದಲಿಗೆ ಕಾದಂಬರಿಗಳನ್ನು ಓದಿದೆವು. ಅವು ಚೆನ್ನಾಗಿಯೇ ಇದ್ದುವು. ಆದರೆ "ಬಹಳ ಚೆನ್ನಾಗಿದೆ" ಎಂದ ಮೇಲೆ ಮಾತು ಮುಂದುವರಿಯುತ್ತಿರಲಿಲ್ಲ. ಎಲ್ಲರೂ ಕಾಫಿಯ ಕಡೆಗೆ ನೋಡುತ್ತಿದ್ದರು. ಆಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಅಜ್ಜಿಯೊಬ್ಬರು, "ಕಟ್ಟಿದ ಕತೆ ಸಾಕು. ನಡೆದದ್ದನ್ನು ನಡೆದ ಹಾಗೆ ಹೇಳಿರುವ ಪುಸ್ತಕ ಇದ್ದರೆ ತನ್ನಿ. ಪುಸ್ತಕದಲ್ಲಿ ಏನಿದೆಯೆಂದು ಯಾರೂ ಒಪ್ಪಿಸಬೇಡಿ, ಅದು ನಿಮ್ಮನ್ನು ಏನು ಮಾಡಿತು ಅದನ್ನು ಹೇಳಿ" ಎಂದರು. ಅಂದಿನಿಂದ ಅದೇ ನಮ್ಮ ಕಟ್ಟಳೆಯಾಯಿತು.

ಆ ಟ್ರಂಕಿನ ಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಬಂದದ್ದು ತಮಗೆಲ್ಲ ನೆನಪಿರುತ್ತದೆ. ನಮ್ಮ ಕಡೆ ನೀರು ಮನೆಯೊಳಗೆ ಸೊಂಟದ ಮಟ್ಟ ನಿಂತಿತು. ಬರಿಯ ಮಳೆನೀರಲ್ಲ, ಅದರ ಮೇಲೆ ಎಣ್ಣೆಯ ಕರಿಯ ಪದರವೂ ತೇಲುತ್ತಿತ್ತು. ಟ್ರಂಕು ಮಂಚದ ಕೆಳಗಿತ್ತು. ಎದುರುಮನೆಯ ತಮಿಳು ಹುಡುಗರಿಬ್ಬರು ಮೊದಲು ಅಜ್ಜಿಯನ್ನು, ಆಮೇಲೆ ಗ್ಯಾಸಿನ ಸಿಲಿಂಡರನ್ನು, ಕೊನೆಗೆ ಆ ಟ್ರಂಕನ್ನು ಹೊತ್ತು ತಮ್ಮ ಮಹಡಿಗೆ ಸಾಗಿಸಿದರು. ಒಳಗಿದ್ದುದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ಭಾರ ಇರಬೇಕಾದರೆ ಬೆಳ್ಳಿಪಾತ್ರೆ ಇರಬೇಕೆಂದು ಭಾವಿಸಿದ್ದರಂತೆ. ತೆರೆದು ನೋಡಿದಾಗ ಕೆಳಗಿನ ಸಾಲಿನ ಪುಸ್ತಕಗಳು ಮುದ್ದೆಯಾಗಿದ್ದುವು. ಮೇಲಿನವು ಉಳಿದುವು, ಒಂದೊಂದರ ಅಂಚಿನಲ್ಲಿಯೂ ಕಾಡಿಗೆ ತೀಡಿದಂತೆ ಒಂದು ಕರಿಯ ಗೆರೆ. ಈಗಲೂ ಆ ಪುಸ್ತಕಗಳನ್ನು ಬಿಚ್ಚಿದರೆ ಸೀಮೆಎಣ್ಣೆಯಂತಹ ವಾಸನೆ ಬರುತ್ತದೆ.

ಹಾಳಾದ ಪುಸ್ತಕಗಳನ್ನು ಹುಡುಕಿಕೊಂಡು ನಮ್ಮಲ್ಲಿಬ್ಬರು ಎಗ್ಮೋರಿನ ಕನ್ನೆಮಾರಾ ಗ್ರಂಥಾಲಯಕ್ಕೆ ಹೋದರು. 1896ರಲ್ಲಿ ಬಾಗಿಲು ತೆರೆದ ಸಂಸ್ಥೆ ಅದು. 1954ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಪುಸ್ತಕ ಪ್ರಕಟಿಸುವವರು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗೊತ್ತಾದ ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿ ಕಳುಹಿಸಬೇಕು. ಆ ಕೆಲವರಲ್ಲಿ ಕನ್ನೆಮಾರಾ ಒಂದು. ಎಂದರೆ ಧಾರವಾಡದಲ್ಲಿಯೋ ಪುತ್ತೂರಿನಲ್ಲಿಯೋ ಅಚ್ಚಾದ ಕನ್ನಡ ಪುಸ್ತಕಕ್ಕೂ ಈ ಊರಿನಲ್ಲಿ ಕಾನೂನಿನ ಪ್ರಕಾರವೇ ಒಂದು ಸ್ಥಾನವಿದೆ. ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ಈ ಸಂಗತಿ ನಮಗೆ ತಿಳಿದಿರಲಿಲ್ಲ. ತಿಳಿದಾಗ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಇನ್ನು ಪುಸ್ತಕಗಳ ಮಾತಿಗೆ ಬರುತ್ತೇವೆ.

ಮೊದಲನೆಯದು ಬಿ. ಜಿ. ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಸ್ವಾಮಿಯವರು ಈ ಊರಿಗೆ ಪರಕೀಯರಲ್ಲ. ಕಡಲತೀರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹಳ ವರ್ಷ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡುಹೋಗಿ ಗಿಡಮರಗಳನ್ನು ತೋರಿಸಿದ ಅನುಭವವನ್ನು 'ಹಸುರು ಹೊನ್ನು' ಎಂಬ ಪುಸ್ತಕದಲ್ಲಿ ಬರೆದರು; ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ನಾವು ಓದಿದ ಪುಸ್ತಕದ ವಿಷಯ ದಕ್ಷಿಣ ಅಮೆರಿಕದ ಕಡೆಯಿಂದ ಬಂದು ನಮ್ಮ ಅಡಿಗೆಮನೆಯನ್ನು ಹೊಕ್ಕ ಬೆಳೆಗಳು.

ಇದನ್ನು ಓದಿ ಮಾತನಾಡುವ ಸರದಿ ಹಾಸನದ ಕಡೆಯ ಗೃಹಿಣಿಯೊಬ್ಬರದಾಗಿತ್ತು. ಅವರು ಹೇಳಿದ್ದಿಷ್ಟು: "ನನಗೂ ಎದುರುಮನೆಯವರಿಗೂ ಹದಿನೈದು ವರ್ಷದಿಂದ ಒಂದು ವ್ಯಾಜ್ಯ. ಸಾರು ನಮ್ಮದು ಎಂದು ನಾನು, ರಸಂ ತಮ್ಮದು ಎಂದು ಅವರು. ಈ ಪುಸ್ತಕ ಓದಿದ ದಿವಸ ಒಲೆಯ ಮುಂದೆ ನಿಂತು ಲೆಕ್ಕಹಾಕಿದೆ. ಒಣಮೆಣಸಿನಕಾಯಿ ತೆಗೆದಿಟ್ಟೆ, ಅದು ಅಮೆರಿಕದ್ದು. ಟೊಮ್ಯಾಟೊ ತೆಗೆದಿಟ್ಟೆ, ಅದೂ ಅಲ್ಲಿಯದೇ. ಪಲ್ಯಕ್ಕೆ ಹೆಚ್ಚಿದ ಆಲೂಗಡ್ಡೆ ಅಲ್ಲಿಂದ ಬಂದದ್ದು. ಚಟ್ನಿಗೆ ಹುರಿದ ಕಡಲೆಕಾಯಿ ಬೀಜವೂ ಹಾಗೆಯೇ. ತೊಗರಿಬೇಳೆ, ಹುಣಸೆಹಣ್ಣು, ಕರಿಮೆಣಸು, ಕರಿಬೇವು ಇಷ್ಟು ಉಳಿಯಿತು. ಅಷ್ಟನ್ನೇ ಹಾಕಿ ಕುದಿಸಿ ಎದುರುಮನೆಗೂ ಒಂದು ಲೋಟ ಕೊಟ್ಟೆ. ಅವರು ಕುಡಿದು, 'ಇದು ನಮ್ಮ ಮಿಳಗುರಸಂ ಅಲ್ಲವಾ ಅಕ್ಕಾ' ಎಂದರು. ನಾನು ಇದು ನಮ್ಮ ಮೆಣಸಿನ ಸಾರು ಎಂದೆ. ವ್ಯಾಜ್ಯ ಮುಗಿಯಲಿಲ್ಲ. ಆದರೆ ಈಗ ಇಬ್ಬರೂ ನಗುತ್ತ ಜಗಳವಾಡುತ್ತೇವೆ."

ಅವರ ಮಾತಿನಿಂದ ಚರ್ಚೆ ಬೇರೆ ಕಡೆಗೆ ತಿರುಗಿತು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲಲ್ಲವೆ ಮೆಣಸಿನಕಾಯಿ ಇಲ್ಲಿಗೆ ಬಂದದ್ದು? ಅದಕ್ಕೆ ಹೆಸರಿರಲಿಲ್ಲ. ಖಾರದಲ್ಲಿ ಮೆಣಸನ್ನು ಹೋಲುತ್ತಿತ್ತು, ಆಕಾರದಲ್ಲಿ ಕಾಯಿಯಾಗಿತ್ತು. ಆದುದರಿಂದ ನಮ್ಮವರು ಮೆಣಸಿನಕಾಯಿ ಎಂದರು. ತಮಿಳರು ತಮ್ಮ ಮಿಳಗಿಗೆ ಕಾಯಿ ಸೇರಿಸಿ ಮಿಳಗಾಯ್ ಎಂದರು. ಹೊಸಬನೊಬ್ಬನು ಬಂದಾಗ ಎರಡು ಭಾಷೆಯವರಿಗೂ ಹೊಳೆದ ಉಪಾಯ ಒಂದೇ. ಪರಂಗಿಯ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಯಿತು. ಹೊಸದಾಗಿ ಮದುವೆಯಾಗಿ ಬಂದಾಗ ತಾವು ಮಾರ್ಕೆಟ್ಟಿನಲ್ಲಿ ಪರಂಗಿ ಕೊಡಿರೆಂದು ಕೇಳಿದ್ದಾಗಿಯೂ, ಅಂಗಡಿಯವನು ಸಿಹಿಕುಂಬಳವನ್ನು ಹೋಳುಮಾಡಿ ಕೊಟ್ಟದ್ದಾಗಿಯೂ ಅಜ್ಜಿ ಹೇಳಿದರು. ನಮಗೆ ಪರಂಗಿಯೆಂದರೆ ಹಣ್ಣು, ಇಲ್ಲಿಯವರಿಗೆ ಪರಂಗಿಕ್ಕಾಯೆಂದರೆ ಕುಂಬಳ. ಎರಡೂ ಅಮೆರಿಕದಿಂದ ಬಂದವು. ಎರಡಕ್ಕೂ ಪರದೇಶದ ಫರಂಗಿಯವನ ಹೆಸರೇ ಅಂಟಿಕೊಂಡಿತು.

"ಮೆಣಸಿನಕಾಯಿ ಬಂದು ಐದುನೂರು ವರ್ಷವಾಯಿತು, ಈಗ ಅದನ್ನು ಯಾರೂ ಎಲ್ಲಿಯದು ಎಂದು ಕೇಳುವುದಿಲ್ಲ. ನಾವು ಬಂದು ಐವತ್ತು ವರ್ಷವಾಯಿತು, ನಮ್ಮನ್ನು ಇನ್ನೂ ಕೇಳುತ್ತಾರೆ" ಎಂದು ಒಬ್ಬರು ನಿಟ್ಟುಸಿರುಬಿಟ್ಟರು. ಅಜ್ಜಿ, "ಕೇಳಲಿ ಬಿಡಪ್ಪ, ನೀನೂ ಸ್ವಲ್ಪ ರುಚಿ ಕೊಡು" ಎಂದರು.

ಸ್ವಾಮಿಯವರದೇ ಇನ್ನೊಂದು ಪುಸ್ತಕ 'ತಮಿಳು ತಲೆಗಳ ನಡುವೆ'. ತಮಿಳಿನ ಪ್ರಾಚೀನತೆಯನ್ನು ಕುರಿತು ಅತಿಯಾಗಿ ಹೇಳಿಕೊಳ್ಳುವವರನ್ನು ಅದರಲ್ಲಿ ಅವರು ಚೆನ್ನಾಗಿ ಗೇಲಿಮಾಡಿದ್ದಾರೆ. ಪ್ರವಾಹಕ್ಕೆ ಮೊದಲು ಅದನ್ನು ಓದಿದ್ದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಪರಸ್ಥಳದಲ್ಲಿ ಇರುವವರಿಗೆ ಅಂತಹ ನಗುವಿನಲ್ಲಿ ಒಂದು ಬಗೆಯ ಸೇಡಿನ ರುಚಿ ಇರುತ್ತದೆ. ಪ್ರವಾಹವಾದ ಮೇಲೆ ಉಳಿದ ಪುಸ್ತಕಗಳನ್ನು ಬಿಸಿಲಿಗೆ ಹರಡಿದಾಗ ಅದೂ ಅಲ್ಲಿ ಒಣಗುತ್ತಿತ್ತು. ಟ್ರಂಕು ಹೊತ್ತ ಹುಡುಗರಲ್ಲೊಬ್ಬನು ಅದನ್ನು ಕೈಗೆತ್ತಿಕೊಂಡು, "ಇದರಲ್ಲಿ ಏನಿದೆ ಅಣ್ಣಾ?" ಎಂದು ಕೇಳಿದ. ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಮುಂದಿನ ಭಾನುವಾರ ಅದನ್ನೇ ಮತ್ತೆ ಓದಿದೆವು. ಈ ಸಲ ಕಂಡದ್ದು ಬೇರೆ. ಲೇಖಕರ ಕೋಪವಿದ್ದದ್ದು ಸಾಕ್ಷ್ಯವಿಲ್ಲದೆ ಹೆಮ್ಮೆಪಡುವವರ ಮೇಲೆ. ನೆರೆಯವರ ಮೇಲೆ ಅಲ್ಲವೆಂದು ನಮಗೆ ತೋರಿತು. ಹಾಗಾದರೆ ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಆಡುವ ಮಾತುಗಳಿಗೂ ಅದೇ ಅಳತೆಗೋಲನ್ನು ಹಿಡಿಯಬೇಕಲ್ಲವೆ ಎಂದು ಒಬ್ಬರು ಕೇಳಿದರು. ಕೆಲವರು ಒಪ್ಪಿದರು. ಕೆಲವರು, ಪುಸ್ತಕದ ಧಾಟಿಯೇ ಕಟುವಾಯಿತು, ಇಲ್ಲಿ ಬಾಳುವವರು ಅದನ್ನು ಹಾಗೆ ಸಲೀಸಾಗಿ ಬಿಡುಗಡೆ ಮಾಡಲಾಗದು ಎಂದರು. ಈ ಚರ್ಚೆ ಇನ್ನೂ ತೀರ್ಮಾನವಾಗಿಲ್ಲ. ಆ ಹುಡುಗನಿಗೆ ಕೊನೆಗೆ ಪುಸ್ತಕದ ಸಾರಾಂಶವನ್ನು ತಮಿಳಿನಲ್ಲಿ ಹೇಳಿದೆವು. ಅವನು ಯೋಚಿಸಿ, "ನಮ್ಮ ಕಾಲೇಜಿನಲ್ಲೂ ಇಂತಹ ಒಬ್ಬ ಮೇಷ್ಟರಿದ್ದಾರೆ" ಎಂದು ನಕ್ಕ. ನಮ್ಮ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮೂರನೆಯ ಪುಸ್ತಕದ ವಿಷಯ ಹೇಳುವಾಗ ನಮಗೆ ಸ್ವಲ್ಪ ಸಂಕೋಚವಾಗುತ್ತದೆ. ಆದರೆ ಅದನ್ನು ಬಿಟ್ಟರೆ ಈ ಭಾಷಣ ಪೊಳ್ಳಾದೀತು. ಅದು ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರದ ಕೇರಿಯಲ್ಲಿ ಬೆಳೆದು, ದೊಡ್ಡ ಕವಿಯೆನ್ನಿಸಿ, 2021ರ ಜೂನ್‌ನಲ್ಲಿ ಕೋವಿಡ್ ಜಾಡ್ಯದಿಂದ ತೀರಿಕೊಂಡವರು ಅವರು. ತಮ್ಮ ತಂದೆಯನ್ನೂ ಇನ್ನೊಬ್ಬರನ್ನೂ ಎತ್ತುಗಳ ಹಾಗೆ ನೊಗಕ್ಕೆ ಕಟ್ಟಿ ಹೊಲ ಉಳುತ್ತಿದ್ದುದನ್ನು ಬಾಲ್ಯದಲ್ಲಿ ಕಂಡ ನೆನಪು ಆ ಪುಸ್ತಕದಲ್ಲಿದೆ. ಬೇರೆಯವರಾಗಿದ್ದರೆ ಅಳುವ ಕಡೆಗಳಲ್ಲಿ ಅವರು ನಗಿಸುತ್ತಾರೆ. ಆ ನಗು ನಿಂತ ಮೇಲೆ ಮನಸ್ಸಿಗೆ ಸಂಕಟ ಹತ್ತುತ್ತದೆ.

ಅಂದಿನ ಸರದಿ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರೊಬ್ಬರದು. ಮೂವತ್ತು ವರ್ಷ ನಮ್ಮಲ್ಲಿ ಕೆಲವರು ಅವರ ಜೊತೆ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡಿದವರು. ಅವರು ಹತ್ತು ನಿಮಿಷ ಸುಮ್ಮನೆ ಕುಳಿತಿದ್ದರು. ಆಮೇಲೆ, "ನಮ್ಮ ತಂದೆ ವ್ಯವಸಾಯಗಾರರು ಎಂದು ನಿಮಗೆಲ್ಲ ಹೇಳಿದ್ದೆ. ವ್ಯವಸಾಯವೇನೋ ಹೌದು. ಹೊಲ ನಮ್ಮದಾಗಿರಲಿಲ್ಲ. ಧಣಿಗಳ ಮನೆಯ ಹಿತ್ತಿಲ ಬಾಗಿಲಲ್ಲಿ ಬೊಗಸೆಯೊಡ್ಡಿ ನೀರು ಕುಡಿದು ಬೆಳೆದವನು ನಾನು. ಇಲ್ಲಿಗೆ ಬಂದಾಗ ಬಾಡಿಗೆ ಮನೆ ಕೇಳಿದ ಕಡೆಯೆಲ್ಲ ಯಾವ ಜನ ಎಂದು ಕೇಳಿದರು. ಕನ್ನಡ ಜನ ಎಂದೆ. ಅದು ಸುಳ್ಳಲ್ಲವಲ್ಲ. ಭಾಷೆಯ ಮರೆಯಲ್ಲಿ ನಿಂತುಕೊಂಡೆ. ನಿಮ್ಮ ಮುಂದೆಯೂ ಅಲ್ಲಿಯೇ ನಿಂತಿದ್ದೆ. ಈ ಪುಸ್ತಕ ಓದಿದ ಮೇಲೆ ಅಲ್ಲಿ ನಿಲ್ಲುವುದಕ್ಕೆ ಮನಸ್ಸು ಬರಲಿಲ್ಲ" ಎಂದರು.

ಯಾರೂ ಮಾತನಾಡಲಿಲ್ಲ. ಆಗ ಅದೇ ಜಿಲ್ಲೆಯ, ಜಮೀನುಳ್ಳ ಮನೆತನದ ಹಿರಿಯರೊಬ್ಬರು, "ಎಲ್ಲಿಯೋ ಇದ್ದಿರಬಹುದು. ನಮ್ಮ ಊರಿನಲ್ಲಿ ಇಂಥದ್ದು ಇರಲಿಲ್ಲ. ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದೆವು" ಎಂದರು. ಫಿಟ್ಟರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮುಂದಿನ ತಿಂಗಳು ಇಬ್ಬರೂ ಬರಲಿಲ್ಲ. ಅದರ ಮುಂದಿನ ತಿಂಗಳು ಜಗಲಿಯಲ್ಲಿ ಇದ್ದವರು ನಾಲ್ಕೇ ಮಂದಿ. ಪುಸ್ತಕ ಓದುವ ಕೂಟವನ್ನು ಪುಸ್ತಕವೇ ಒಡೆಯಿತು ಎಂದು ಜನ ಆಡಿಕೊಂಡರು. ಮತ್ತೆ ಕಾದಂಬರಿಗಳನ್ನೇ ಓದೋಣವೆಂದು ನಾವೂ ಯೋಚಿಸಿದೆವು.

ಗೌರೀ ಹಬ್ಬಕ್ಕೆ ಊರಿಗೆ ಹೋಗಿದ್ದ ಆ ಹಿರಿಯರು ಹಿಂದಿರುಗಿ ಬಂದ ಭಾನುವಾರ ಕರೆಯದೆಯೇ ನಮ್ಮ ಸಭೆಗೆ ಬಂದರು. ಫಿಟ್ಟರನ್ನೂ ಹೇಳಿಕಳುಹಿಸಿ ಕರೆಸಿದರು. "ನಮ್ಮ ಮನೆಯಲ್ಲಿ ಹಿಂದೆ ದುಡಿಯುತ್ತಿದ್ದವರೊಬ್ಬರು ಇನ್ನೂ ಇದ್ದಾರೆ, ವಯಸ್ಸು ಎಂಬತ್ತು ಮೀರಿದೆ. ಹೋಗಿ ಕೇಳಿದೆ. ಮೊದಲು, 'ಏನೂ ಇರಲಿಲ್ಲ ಬುದ್ಧೀ' ಎಂದರು. ನಾನು ಅವರ ಜಗಲಿಯ ಮೇಲೆ ಕುಳಿತೆ. ಅವರ ಮನೆಯ ನೀರು ಕುಡಿದೆ. ಆಮೇಲೆ ಹೇಳತೊಡಗಿದರು. ಸಂಜೆಯಾಯಿತು, ಅವರ ಮಾತು ಮುಗಿಯಲಿಲ್ಲ. ನಮ್ಮ ಊರಿನಲ್ಲಿಯೂ ಇತ್ತು. ನಮ್ಮ ಮನೆಯಲ್ಲಿಯೇ ಇತ್ತು. ನಾನು ನೋಡಿರಲಿಲ್ಲ ಎನ್ನಲಾರೆ, ನೋಡಿಯೂ ನೋಡಿರಲಿಲ್ಲ" ಎಂದರು.

ಇದಾದ ಮೇಲೆ ಇಬ್ಬರೂ ತಬ್ಬಿಕೊಂಡರೆಂದು ಹೇಳಿದರೆ ತಮಗೆ ಕೇಳುವುದಕ್ಕೆ ಹಿತವಾದೀತು, ಆದರೆ ಹಾಗೆ ನಡೆಯಲಿಲ್ಲ. ಫಿಟ್ಟರು, "ಕೇಳಿ ಬಂದಿರಲ್ಲ, ಅಷ್ಟು ಸಾಕು" ಎಂದರು. ಅವರಿಬ್ಬರೂ ಇಂದಿಗೂ ಹೆಚ್ಚು ಮಾತನಾಡುವುದಿಲ್ಲ. ಆದರೆ ತಿಂಗಳಿಗೊಮ್ಮೆ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪುಸ್ತಕವನ್ನು ನೋಡುತ್ತಾರೆ. ಒಬ್ಬರ ಕನ್ನಡಕ ಮರೆತುಹೋದರೆ ಇನ್ನೊಬ್ಬರು ಓದಿಹೇಳುತ್ತಾರೆ. ನಾವು ಪರಸ್ಥಳದಲ್ಲಿ ಕನ್ನಡಿಗರೆಲ್ಲ ಒಂದು ಎಂದು ಬಹಳ ಸುಲಭವಾಗಿ ಹೇಳುತ್ತೇವೆ. ಆ ಮಾತಿಗೆ ಎಷ್ಟು ಬೆಲೆ ತೆರಬೇಕೆಂಬುದು ಆ ದಿನ ನಮಗೆ ಗೊತ್ತಾಯಿತು.

ನಾಲ್ಕನೆಯದು ಡಿ. ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ', ಎಂಟು ಸಂಪುಟಗಳ ಗ್ರಂಥ. ಡಿ. ವಿ. ಜಿ.ಯವರು ಬಿ. ಜಿ. ಎಲ್. ಸ್ವಾಮಿಯವರ ತಂದೆ. ತಂದೆಗೆ 1967ರಲ್ಲಿ, ಮಗನಿಗೆ 1978ರಲ್ಲಿ ಅಕಾಡೆಮಿಯ ಗೌರವ ದೊರೆತ ಮನೆತನ ಅದು. ಈ ಸಂಪುಟಗಳಲ್ಲಿ ಮೈಸೂರಿನ ದಿವಾನರು ಇದ್ದಾರೆ, ಸಾಹಿತಿಗಳು ಇದ್ದಾರೆ, ಸಂಗೀತಗಾರರು ಇದ್ದಾರೆ. ಅವರ ಜೊತೆಯಲ್ಲಿಯೇ ಊರಿನ ಹೊರಗೆ ಯಾರಿಗೂ ಹೆಸರು ಗೊತ್ತಿಲ್ಲದ ಸಾಮಾನ್ಯ ಜನರೂ ಅಷ್ಟೇ ಆದರದಿಂದ ಕುಳಿತಿದ್ದಾರೆ.

ಇದನ್ನು ಓದಿದವರು ನಿವೃತ್ತ ಗುಮಾಸ್ತರೊಬ್ಬರು. ಅವರು ಪುಸ್ತಕವನ್ನು ಹೊಗಳಲಿಲ್ಲ. "ಇವರ ನೆನಪುಗಳನ್ನು ಓದುತ್ತ ಓದುತ್ತ ನನಗೆ ಹೊಟ್ಟೆಕಿಚ್ಚಾಯಿತು. ಮುಳುಬಾಗಿಲಿನವರಿಗೆ ಬರೆಯುವವರೊಬ್ಬರು ಸಿಕ್ಕಿದರು. ನಮ್ಮ ಮಣಲಿಯವರನ್ನು ಯಾರು ಬರೆಯುತ್ತಾರೆ?" ಎಂದರು. ಅವರ ಪಟ್ಟಿ ಹೀಗಿತ್ತು: ಮೊದಲ ವರ್ಷಗಳಲ್ಲಿ ಕುಡಿಯುವ ನೀರಿನ ಲಾರಿಗೆ ಕೊಡ ಹಿಡಿದು ನಿಂತ ಹೆಂಗಸರು; ಊರಿಂದ ಹೊಸದಾಗಿ ಬಂದ ಹುಡುಗರಿಗೆಲ್ಲ ಬಾಡಿಗೆ ಕೇಳದೆ ಒಂದು ತಿಂಗಳು ಅನ್ನವಿಟ್ಟ ದಂಪತಿಗಳು; ರಾತ್ರಿ ಪಾಳಿ ಮುಗಿಸಿ ಬಂದು ಮಕ್ಕಳಿಗೆ ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿಸಿದ ಆಪರೇಟರು. ಇವರಲ್ಲಿ ಅರ್ಧದಷ್ಟು ಮಂದಿ ಈಗಿಲ್ಲ. ಉಳಿದವರ ನೆನಪು ದಿನದಿನಕ್ಕೆ ಮಾಸುತ್ತಿದೆ.

ಅಂದೇ ಒಂದು ನೂರು ಪುಟದ ನೋಟುಪುಸ್ತಕ ತಂದೆವು. ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರ ಬಳಿ ಕುಳಿತು ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯಬೇಕೆಂದು ಗೊತ್ತುಮಾಡಿದೆವು. ಹಾಸನದ ಮಾತು ಹಾಸನದಂತೆ, ಬಳ್ಳಾರಿಯ ಮಾತು ಬಳ್ಳಾರಿಯಂತೆ. ಈವರೆಗೆ ಅರುವತ್ತು ಪುಟ ತುಂಬಿದೆ. ಸಾಹಿತ್ಯವೆಂದು ಅದಕ್ಕೆ ಹೆಸರಿಡುವ ಧೈರ್ಯ ನಮಗಿಲ್ಲ. ಬರೆದಿಟ್ಟುದು ಮಂಚದ ಕೆಳಗೆ ಇಲ್ಲ, ಅಟ್ಟದ ಮೇಲಿದೆ ಎಂಬುದಷ್ಟನ್ನು ಹೇಳಬಲ್ಲೆವು.

ಇನ್ನು ಮಕ್ಕಳ ಮಾತು. ಇದು ಇಲ್ಲಿರುವ ಎಲ್ಲ ತಂದೆತಾಯಿಗಳ ಚಿಂತೆಯೂ ಹೌದು. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ. ಕಲಿಯಬೇಕಾದುದೂ ಸರಿ, ಅನ್ನ ಕೊಟ್ಟ ನೆಲದ ಭಾಷೆ. ಕನ್ನಡ ಮನೆಯ ಮಾತಾಗಿ ಉಳಿದಿದೆ, ಅಕ್ಷರ ಮಾತ್ರ ಬಾರದು. ನಮ್ಮ ಸಭೆಗೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಕೈಹಿಡಿದು ಬರುತ್ತಾಳೆ. ಅಜ್ಜಿಗೆ ಕಣ್ಣು ಮಂದ, ಆದುದರಿಂದ ನಾವು ಗಟ್ಟಿಯಾಗಿ ಓದುತ್ತೇವೆ. ಈ ಹುಡುಗಿ ಕೇಳಿದುದನ್ನು ತಮಿಳು ಅಕ್ಷರದಲ್ಲಿ ಗುರುತುಹಾಕಿಕೊಳ್ಳುತ್ತಿದ್ದಳು. ಒಂದು ದಿನ ಅವಳು ಬರೆದುದನ್ನು ಅವಳಿಂದಲೇ ಓದಿಸಿದೆವು. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ, ಪಕಾರಕ್ಕೂ ಬಕಾರಕ್ಕೂ ಒಂದೇ. ಹೀಗಾಗಿ ಸ್ವಾಮಿಯವರ ಗಿಡಗಳೆಲ್ಲ ಕಿಡಗಳಾದುವು, ಬೇಳೆ ಪೇಳೆಯಾಯಿತು, ಗಾಳಿ ಬೀಸಿತು ಎಂದಿದ್ದ ಕಡೆ ಸಾಕ್ಷಾತ್ ಕಾಳಿಯೇ ಬಂದುಬಿಟ್ಟಳು. ಎಲ್ಲರೂ ನಕ್ಕರು. ಅವಳಿಗೆ ಅಳು ಬಂತು.

ನಾವು ನಕ್ಕದ್ದು ತಪ್ಪಾಯಿತೆಂದು ಎಲ್ಲರೂ ಪರಿತಪಿಸಿದೆವು. ಅವಳು ಇನ್ನು ಬರಲಾರಳೆಂದೇ ತಿಳಿದೆವು. ಆದರೆ ಮುಂದಿನ ತಿಂಗಳು ಅವಳು ಬಂದಳು. ಫಿಟ್ಟರ ಬಳಿ ಕುಳಿತು, "ತಾತ, ಗ ಅನ್ನುವುದಕ್ಕೆ ಬೇರೆ ಅಕ್ಷರ ಇದೆಯಂತಲ್ಲ, ಬರೆದುಕೊಡಿ" ಎಂದಳು. ಅವರು ಬರೆದುಕೊಟ್ಟರು. ಗ ಆದ ಮೇಲೆ ಬ, ಬ ಆದ ಮೇಲೆ ದ. ತನಗೆ ಬೇಕಾದ ಅಕ್ಷರವನ್ನು ಬೇಕಾದಾಗ ಕೇಳಿ ಕಲಿತಳು. ಕನ್ನಡ ಉಳಿಯಬೇಕು ಎಂಬ ನಮ್ಮ ಉಪದೇಶದಿಂದ ಆಗದಿದ್ದ ಕೆಲಸ, ತಾನು ಬರೆದುಕೊಂಡದ್ದು ತನಗೇ ಸರಿಯಾಗಿ ಓದಲು ಬರಬೇಕೆಂಬ ಹಟದಿಂದ ಆಯಿತು. ಈ ಭಾಷಣದ ಹಸ್ತಪ್ರತಿಯ ಮೊದಲ ಎರಡು ಪುಟ ಅವಳ ಅಕ್ಷರದಲ್ಲಿದೆ. ಒಂದೆರಡು ಕಡೆ ಒತ್ತಕ್ಷರ ತಪ್ಪಿದೆ, ನಾವು ತಿದ್ದಿಲ್ಲ.

ಮಾನ್ಯರೆ, ನಾವು ಕಂಡುಕೊಂಡದ್ದು ಇಷ್ಟು. ನಿಜವನ್ನು ಹೇಳುವ ಪುಸ್ತಕ ಓದಿದವರಿಂದಲೂ ನಿಜವನ್ನು ಕೇಳುತ್ತದೆ. ಮನೆಯಲ್ಲಿ ನಾವು ಆಡುವ ಕನ್ನಡ ಸಾಮಾನ್ಯವಾಗಿ ಊಟಕ್ಕೆ ಬಾ, ಸ್ನಾನಕ್ಕೆ ಹೋಗು, ಬಾಗಿಲು ಹಾಕು ಇಷ್ಟರಲ್ಲಿಯೇ ಮುಗಿದುಹೋಗುತ್ತದೆ. ಸಂಶಯವನ್ನು, ನಾಚಿಕೆಯನ್ನು, ಒಪ್ಪದಿರುವುದನ್ನು, ತಪ್ಪೊಪ್ಪಿಗೆಯನ್ನು ಆಡುವುದಕ್ಕೂ ಒಂದು ಕನ್ನಡ ಬೇಕು. ಅದು ನಮಗೆ ಈ ಪುಸ್ತಕಗಳ ಸುತ್ತ ಕುಳಿತಾಗ ಸಿಕ್ಕಿತು. ಬೇರೆ ಕಡೆಯೂ ಸಿಕ್ಕೀತು. ನಮಗೆ ಅಲ್ಲಿ ಸಿಕ್ಕಿತು.

ತಮ್ಮಲ್ಲಿ ನಮ್ಮ ಬಿನ್ನಹ ದೊಡ್ಡದೇನೂ ಇಲ್ಲ. ಊರಿಗೆ ಹೋಗಿ ಬರುವಾಗ ಉಪ್ಪಿನಕಾಯಿ, ಸಂಡಿಗೆ, ಹುರಿಹಿಟ್ಟಿನ ಜೊತೆ ಒಂದು ಪುಸ್ತಕವನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬನ್ನಿ. ಕತೆ ಕಾದಂಬರಿ ಇರಲಿ, ಅದರ ಜೊತೆಗೆ ನಡೆದದ್ದನ್ನು ಹೇಳುವ ಒಂದು ಪುಸ್ತಕವಿರಲಿ. ಓದಿದ ಮೇಲೆ ನಿಮ್ಮ ಬಡಾವಣೆಯ ನಾಲ್ಕು ಮನೆಯವರನ್ನು ಕರೆದು ಅದು ನಿಮ್ಮನ್ನು ಏನು ಮಾಡಿತೆಂದು ಹತ್ತು ವಾಕ್ಯ ಹೇಳಿ. ಹತ್ತು ವಾಕ್ಯ ಕೇಳುವ ತಾಳ್ಮೆಯನ್ನೂ ಇಟ್ಟುಕೊಳ್ಳಿ. ಹೇಳುವುದಕ್ಕಿಂತ ಅದು ಕಷ್ಟವೆಂದು ನಮ್ಮ ಅನುಭವ. ಮನೆಯಲ್ಲಿ ಹಿರ��ಯರಿದ್ದರೆ ಅವರ ಮಾತನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಬರೆದುದನ್ನು ದಯವಿಟ್ಟು ಮಂಚದ ಕೆಳಗೆ ಇಡಬೇಡಿ.

ಮಣಲಿಯ ಕಡೆಗೆ ಎರಡನೆಯ ಭಾನುವಾರ ಯಾರಾದರೂ ಬಂದರೆ ನಮ್ಮ ಜಗಲಿಯಲ್ಲಿ ಸ್ಥಳವಿದೆ. ಮೆಣಸಿನ ಸಾರಿನ ಲೋಟವೂ ಸಿಗುತ್ತದೆ. ಅದು ಸಾರೋ ರಸವೋ ಎಂಬುದನ್ನು ತಾವೇ ತೀರ್ಮಾನಿಸಬಹುದು.